ಬರ್ತೀನಿ ಅಂದವಳು

ಸಾವಿನ ಮನೆಯಿಂದ ಹೊರಡುವಾಗ ಯಾರೂ ‘ಹೋಗಿ ಬರ್ತೀನಿ’ ಅನ್ನುವುದಿಲ್ಲ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಚಿಕ್ಕವರಿದ್ದಾಗ ಒಂದು ಸಲ ಬಾಯಿತಪ್ಪಿ ಅಂದಿರುತ್ತೇವೆ, ಅಮ್ಮನೋ ಅಜ್ಜಿಯೋ ತೊಡೆ ಚಿವುಟಿರುತ್ತಾರೆ, ಅಲ್ಲಿಗೆ ಪಾಠ ಮುಗಿಯಿತು. ಬಂದವರು ಒಂದಷ್ಟು ಹೊತ್ತು ಕೂತು, ಸುಮ್ಮನೆ ಎದ್ದು, ಯಾರ ಮುಖವನ್ನೂ ನೋಡದೆ ಚಪ್ಪಲಿ ಹುಡುಕಿಕೊಂಡು ಹೋಗಬೇಕು. ಮತ್ತೆ ಬರ್ತೀನಿ ಅಂದರೆ ಇನ್ನೊಂದು ಸಾವಿಗೆ ಬರ್ತೀನಿ ಅಂದ ಹಾಗೆ. ಬೂದಿಕೋಟೆ ಸುತ್ತ ಯಾವ ಊರಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ.

ನನ್ನ ಮೈದುನ ಮುನೀಂದ್ರನನ್ನು ಮಣ್ಣು ಮಾಡಿದ ದಿನ, ಮನೆ ತುಂಬ ಜನ ಇರುವಾಗ, ಉರಿಗಾಂನಿಂದ ಬಂದಿದ್ದ ಒಬ್ಬ ಹೆಂಗಸು ಎದ್ದು ನಿಂತಳು. ಸೀರೆ ಸರಿಮಾಡಿಕೊಂಡಳು. ಮುನೀಂದ್ರನ ಹೆಂಡತಿ ನವ್ಯಳ ಗಲ್ಲ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಓಗಿ ಬರ್ತೀನಿ ಕಣ್ಣು" ಅಂದಳು. ಕೆಜಿಎಫ್ ಕಡೆಯವರು ಪ್ರೀತಿ ಬಂದರೆ ಕಣ್ಣು ಅನ್ನುತ್ತಾರೆ.

ಕೂತಿದ್ದವರೆಲ್ಲ ತಿರುಗಿ ನೋಡಿದರು. ಹಾಡಿಕೊಂಡು ಅಳುತ್ತಿದ್ದ ನಮ್ಮತ್ತೆ ಚಿಕ್ಕವೆಂಕಟಮ್ಮ ಕೂಡ ಅಳು ನಿಲ್ಲಿಸಿ ತಲೆ ಎತ್ತಿದರು. ಮಗನನ್ನು ಕಳೆದುಕೊಂಡ ಸಂಕಟದಲ್ಲೂ ಅವರ ಕಿವಿ ಚುರುಕಾಗೇ ಇತ್ತು.

"ಏನಂದ್ಳೇ ಅವ್ಳು?" ಅಂತ ನನ್ನನ್ನು ಕೇಳಿದರು.

"ಏನೂ ಇಲ್ಲ ಬುಡತ್ತೆ" ಅಂದೆ. ಸಾವಿನ ಮನೆಯಲ್ಲಿ ಜಗಳ ಬೇಡ ಅಂತ ಹಾಗಂದೆ, ಅಷ್ಟೆ. ನನಗೂ ಅದು ಸರಿಯಾಗೇ ಕೇಳಿಸಿತ್ತು.

ಆ ಹೆಂಗಸಿನ ಹೆಸರು ಸಗಾಯಮೇರಿ. ನಮ್ಮ ಬಾಯಿಗೆ ಅದು ಮೇರಮ್ಮ ಆಯಿತು. ವಯಸ್ಸು ಐವತ್ತೈದರ ಮೇಲೆ, ಹಲ್ಲು ಸ್ವಲ್ಪ ಮುಂದೆ, ತಲೆಯಲ್ಲಿ ಅರ್ಧ ನರೆ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಯಾವುದೋ ಆಫೀಸಿನಲ್ಲಿ ಕಸ ಗುಡಿಸಿ ನೆಲ ಒರೆಸಿ ರಾತ್ರಿ ವಾಪಸ್ಸಾಗುವವಳು. ಮುನೀಂದ್ರನೂ ಅದೇ ರೈಲು. ವೈಟ್‌ಫೀಲ್ಡ್ ಹತ್ತಿರದ ಗೋಡೌನಿನಲ್ಲಿ ಕೆಲಸ. ಊರಿಂದ ಬಂಗಾರಪೇಟೆವರೆಗೆ ಬೈಕು, ಅಲ್ಲಿಂದ ರೈಲು. ಒಂದೇ ಬೋಗಿಯಲ್ಲಿ ವರ್ಷಗಟ್ಟಲೆ ಓಡಾಡಿದವರು, ಮುಖ ಪರಿಚಯ. ಆ ದಿನ ಟೇಕಲ್ ದಾಟಿದ ಮೇಲೆ ಅವನು ಎದೆ ಹಿಡಿದುಕೊಂಡನಂತೆ. ಮಾಲೂರಿನಲ್ಲಿ ಇಳಿಸುವಷ್ಟರಲ್ಲಿ ಮುಗಿದಿತ್ತು. ತಲೆ ಇದ್ದದ್ದು ಮೇರಮ್ಮನ ತೊಡೆಯ ಮೇಲೆ. ಇಳಿಸಲು ಕೈ ಕೊಟ್ಟ ಗಂಡಸರೆಲ್ಲ ಮತ್ತೆ ರೈಲು ಹತ್ತಿ ಕೆಲಸಕ್ಕೆ ಹೋದರು, ಈಕೆ ಹೋಗಲಿಲ್ಲ. ನನ್ನ ಗಂಡ ಸೀನಪ್ಪ ಮಾಲೂರು ಸೇರುವವರೆಗೂ ಹೆಣದ ಪಕ್ಕದಲ್ಲೇ ಕೂತಿದ್ದಳಂತೆ. ಇದಕ್ಕೆಲ್ಲ ಕೈಮುಗಿಯಬೇಕು, ಮುಗಿದೆವು. ಅಲ್ಲಿಗೆ ಋಣ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಬರ್ತೀನಿ ಅಂದವಳು ಬಂದೇಬಿಟ್ಟಳು.

ಹಾಲುತುಪ್ಪ ಆಯಿತು, ತಿಥಿ ಆಯಿತು, ನೆಂಟರಿಷ್ಟರೆಲ್ಲ ಉಂಡು ಕೈತೊಳೆದುಕೊಂಡು ಹೋದರು. ಅದರ ಮುಂದಿನ ಭಾನುವಾರ ಮಧ್ಯಾಹ್ನ ನಾನು ಕೊಟ್ಟಿಗೆ ತೊಳೆಯುತ್ತಿದ್ದೆ. ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಮೇರಮ್ಮ ಅಂಗಳದಲ್ಲಿ ನಿಂತಿದ್ದಳು.

"ಬೆಳಗ್ಗೆ ಚರ್ಚಲ್ಲಿ ಪೂಜೆ ಮುಗಿಸ್ಕೊಂಡು ಅಂಗೇ ಬಂದೆ ತಂಗಚ್ಚಿ. ಬಂಗಾರಪೇಟೇಲಿ ಬಸ್ ಸಿಗ್ಲಿಲ್ಲ, ಲೇಟಾಯ್ತು" ಅಂದಳು. ನಾನೇನೋ ಕಾದು ಕೂತಿದ್ದ ಹಾಗೆ! ನನ್ನನ್ನು ತಂಗಿ ಅನ್ನಲು ಇವಳಿಗೆ ಅಧಿಕಾರ ಕೊಟ್ಟವರು ಯಾರು ಅಂತ ನನಗೆ ಸಿಟ್ಟು ಬಂತು. ಆದರೆ ಬಿಸಿಲಲ್ಲಿ ಬಂದವಳಿಗೆ ನೀರು ಕೊಡದಿರಲಾಗುತ್ತದೆಯೇ? ಕೊಟ್ಟೆ.

ಆಗ ನವ್ಯಳ ಸ್ಥಿತಿ ಹೇಳಬೇಕು. ಇಪ್ಪತ್ತೆಂಟರ ಹುಡುಗಿ, ಮಕ್ಕಳಿನ್ನೂ ಆಗಿರಲಿಲ್ಲ. ಅವಳು ಅತ್ತೇ ಇರಲಿಲ್ಲ. ಮಾತಿಲ್ಲ, ಊಟವೂ ಸರಿಯಾಗಿಲ್ಲ. ತಟ್ಟೆ ಮುಂದಿಟ್ಟರೆ ಒಂದು ತುತ್ತು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ಸಾರನ್ನೇ ಕೆಡಿಸಿ ಏಳುತ್ತಿದ್ದಳು. ಬೆಳಗ್ಗೆ ನನ್ನ ಮಕ್ಕಳು ಕಾಲೇಜಿಗೆ ಹೊರಟು "ಅಮ್ಮಾ ಓಗಿ ಬತ್ತೀನಿ" ಅಂದರೆ ಸಾಕು, ಎಲ್ಲಿದ್ದರೂ ಎದ್ದು ಒಳಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಮುನೀಂದ್ರ ಆ ದಿನ ಕತ್ತಲಲ್ಲೇ ಬೈಕು ಒದೆಯುತ್ತ ಅದೇ ಮಾತು ಅಂದು ಹೋಗಿದ್ದ. ನಾನೂ ಕೇಳಿಸಿಕೊಂಡಿದ್ದೆ. ಕೊನೆಗೆ ಮಕ್ಕಳಿಗೆ ಬೈದು, ಹೇಳದೆ ಹೋಗುವುದನ್ನು ಅಭ್ಯಾಸ ಮಾಡಿಸಿದೆ.

ಬಂದವರೆಲ್ಲ ಅವಳಿಗೆ ಸಮಾಧಾನ ಹೇಳಿದ್ದರು. ಅಳಬೇಡ, ನಿನಗಿನ್ನೂ ವಯಸ್ಸಿದೆ, ಅವನ ಹಣೆಯಲ್ಲಿ ಅಷ್ಟೇ ಬರೆದಿತ್ತು, ಮರೆತುಬಿಡು. ನಾನೂ ಹೇಳಿದ್ದೆ. ಹಿರಿಯ ಸೊಸೆಯಾಗಿ ನನಗೆ ಗೊತ್ತಿದ್ದದ್ದೇ ಅಷ್ಟು.

ಮೇರಮ್ಮ ಅದೊಂದನ್ನೂ ಹೇಳಲಿಲ್ಲ. ಜಗಲಿಯ ಮೇಲೆ ನವ್ಯಳ ಪಕ್ಕದಲ್ಲಿ ಕೂತು, ನಾನು ರಾಶಿ ಹಾಕಿದ್ದ ಅವರೆಕಾಯಿಯನ್ನು ಕೇಳದೆಯೇ ಮಡಿಲಿಗೆ ಎಳೆದುಕೊಂಡು ಬಿಡಿಸತೊಡಗಿದಳು. ಎಷ್ಟೋ ಹೊತ್ತಿನ ಮೇಲೆ ನವ್ಯಳೂ ಕೈ ಹಾಕಿದಳು. ಆಮೇಲೆ ಬಾಯಿ ಬಿಟ್ಟು ಕೇಳಿದಳು, "ಅವ್ರು ಎಲ್ಲಿ ಕೂತಿದ್ರು?"

ಮೇರಮ್ಮ ಹೇಳಿದಳು. ಕಿಟಕಿ ಪಕ್ಕ ಜಾಗ ಸಿಕ್ಕಿತ್ತು, ಬಸುರಿ ಹೆಂಗಸೊಬ್ಬಳು ಹತ್ತಿದ್ದಕ್ಕೆ ಬಿಟ್ಟುಕೊಟ್ಟು ನಿಂತ. ಡಬ್ಬಿಯ ಮುಚ್ಚಳ ತೆಗೆದು ಒಂದು ಚಿತ್ರಾನ್ನದ ತುತ್ತು ತಿಂದ, ನನ್ನ ಹೆಂಡತಿ ಉಪ್ಪು ಮರೆತಿದ್ದಾಳೆ ಅಂತ ನಕ್ಕ. ಟೇಕಲ್ ದಾಟಿದ ಮೇಲೆ ಬೆವರಿದ. ‘ಅಕ್ಕಾ, ಒಂಥರಾ ಆಗ್ತೈತೆ’ ಅಂದ. ಅವನ ತಲೆ ನನ್ನ ತೊಡೆ ಮೇಲೆ ಇಟ್ಟುಕೊಂಡೆ.

ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ ಅಲ್ಲವೇ? ನಾನು ಸೆಗಣಿ ಕೈಯಲ್ಲೇ ಬಂದು ಜಗಳಕ್ಕೆ ನಿಲ್ಲುವವಳಿದ್ದೆ. ಅಷ್ಟರಲ್ಲಿ ನವ್ಯ ಬಾಯಿಗೆ ಸೆರಗು ಒತ್ತಿಕೊಂಡು "ಉಪ್ಪು ಆಕಿದ್ದೆ ಕಣಮ್ಮ, ನಾನು ಆಕಿದ್ದೆ" ಅಂತ ಗೋಳೋ ಅಂದುಬಿಟ್ಟಳು. ಅಷ್ಟು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಮೇರಮ್ಮ ಅಳಬೇಡ ಅನ್ನಲಿಲ್ಲ. ತಾನೂ ಅತ್ತಳು. ಅತ್ತು, ಮೂಗು ಸೀದಿ, ಚೀಲದಿಂದ ಡಬ್ಬಿ ತೆಗೆದು ಮುಂದಿಟ್ಟಳು. ಗಂಜಿ, ಮೇಲೆ ಒಂದಿಷ್ಟು ಕಡಲೆಬೀಜದ ತೊವ್ವೆಯಂಥ ಚಟ್ನಿ. ನವ್ಯ ಅದನ್ನು ಬಳಿದು ತಿಂದಳು.

ನನಗೆ ಹೊಟ್ಟೆಕಿಚ್ಚಾಯಿತು, ಯಾಕೆ ಸುಳ್ಳು ಹೇಳಲಿ. ಅಷ್ಟು ದಿನ ನಾನು ಮಾಡಿದ್ದು ಮಣ್ಣಾಯಿತು, ಯಾರೋ ಬಂದು ತಣ್ಣಗಿನ ಗಂಜಿ ಇಟ್ಟರೆ ಅಮೃತವಾಯಿತು. ಹೊರಡುವಾಗ ಮತ್ತೆ ಅದೇ. "ಓಗಿ ಬರ್ತೀನಿ ಕಣ್ಣು." ಈ ಸಲ ನವ್ಯ ಒಳಗೆ ಎದ್ದು ಹೋಗಲಿಲ್ಲ. ರಸ್ತೆ ತಿರುವಿನವರೆಗೂ ನೋಡುತ್ತ ನಿಂತಿದ್ದಳು.

ಹೀಗೆ ಭಾನುವಾರ ಬಂದರೆ ಮೇರಮ್ಮ ಬರುವುದು ಸಾಮಾನ್ಯವಾಯಿತು. ನವ್ಯ ಅದದೇ ಕೇಳುವಳು, ಆಕೆ ಅದದೇ ಹೇಳುವಳು. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಈ ಹೆಂಗಸಿಗೆ ಬೇಕಾದ್ದಾದರೂ ಏನು? ವಾರಕ್ಕೊಂದು ರಜೆ, ಅದನ್ನು ಎರಡು ಬಸ್ಸಿನಲ್ಲಿ ಕಳೆದು ಗುರುತುಪರಿಚಯವಿಲ್ಲದವರ ಜಗಲಿಯಲ್ಲಿ ಅವರೆಕಾಯಿ ಬಿಡಿಸಲು ಯಾರಾದರೂ ಬರುತ್ತಾರೆಯೇ? ಪಕ್ಕದ ಮನೆಯ ಕದಿರಪ್ಪ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟ, "ನಿಮ್ ಉಡ್ಗೀನ ಅವ್ರ ಮತಕ್ಕೆ ಎಳ್ಕೊಂಡೋಗಾಕ್ಕೆ ಬತ್ತಾವ್ಳೆ ಕಣಮ್ಮೋ, ನೋಡ್ತಾ ಇರು." ನಾನೂ ನೋಡುತ್ತಲೇ ಇದ್ದೆ. ಒಂದು ಸಲ ಆಕೆ ಬಚ್ಚಲಿಗೆ ಹೋದಾಗ ಚೀಲಕ್ಕೆ ಕೈ ಹಾಕಿಯೂ ನೋಡಿದೆ. ಒಂದು ಟವಲು, ಜಪಮಣಿ, ಕೆಮ್ಮಿನ ಔಷಧಿಯ ಬಾಟಲಿ, ಖಾಲಿ ಡಬ್ಬಿ. ತನ್ನ ದೇವರ ಹೆಸರನ್ನು ಆಕೆ ನಮ್ಮ ಮನೆಯಲ್ಲಿ ಎತ್ತಿದ್ದನ್ನು ನಾನು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಇದು ಇಂಥದ್ದು ಅಂತ ಗೊತ್ತಾಗಿ, ಬೈದು ಕಳಿಸಬಹುದಿತ್ತು.

ಸಂಕ್ರಾಂತಿಗೆ ಮುಂಚೆ ನಮ್ಮ ಸೀಮೆಹಸು ಹೊಟ್ಟೆಯುಬ್ಬರ ಬಂದು ಬಿತ್ತು. ತುಂಬು ಗಬ್ಬದ ಹಸು. ಡಾಕ್ಟರು ಬರುವಷ್ಟರಲ್ಲಿ ಕಾಲು ಚಾಚಿತ್ತು, ಹೊಟ್ಟೆಯೊಳಗಿನ ಕರುವೂ ಹೋಯಿತು. ಕೊಟ್ಟಿಗೆ ಬಾಗಿಲಲ್ಲಿ ಕುಕ್ಕರಿಸಿದ್ದ ಅತ್ತೆ ಹಸುವನ್ನಲ್ಲ, ನನ್ನನ್ನು ನೋಡಿದರು.

"ಬತ್ತೀನಿ ಅಂದ್ಳು. ಬಂತು ನೋಡು" ಅಂದರು. "ಇನ್ನೂ ಯಾರ್ನ ಕರ್ಕೊಂಡೋಗ್ಬೇಕು ಅಂತವ್ಳೆ? ನಿನ್ ಮಕ್ಳನ್ನಾ?"

ಹಸಿ ಮೇವು ತಿಂದ ಹಸುವಿಗೆ ಉಬ್ಬರ ಬರುತ್ತದೆ, ಅದು ನನಗೆ ಗೊತ್ತಿಲ್ಲದ್ದಲ್ಲ. ಹಿಂದಿನ ದಿನ ಸೀನಪ್ಪನೇ ಒಂದು ಹೊರೆ ಹಸಿ ಕುದುರೆಮಸಾಲೆ ಸೊಪ್ಪು ಹಾಕಿದ್ದರು. ಆದರೂ ಮಕ್ಕಳು ಅಂದ ಕೂಡಲೇ ಅವರು ಕಾಲೇಜಿನಿಂದ ಬರುವ ದಾರಿಯನ್ನೇ ನೋಡತೊಡಗಿದೆ. ಗೊತ್ತಿರುವುದು ಒಂದು ಕಡೆ, ಹೆದರಿಕೆ ಒಂದು ಕಡೆ. ಎರಡೂ ಒಂದೇ ತಲೆಯೊಳಗೆ ಹೇಗೆ ಸಂಸಾರ ಮಾಡುತ್ತವೋ ನಾಕಾಣೆ.

ಮುಂದಿನ ಭಾನುವಾರ ಆಕೆ ಹೊರಟಾಗ ಬಸ್‌ಸ್ಟಾಪಿನವರೆಗೂ ಜೊತೆಗೆ ಹೋದೆ. ಆಕೆಗೆ ಖುಷಿಯಾಯಿತು, ಪಾಪ. ನನ್ನ ತೋಳು ಹಿಡಿದುಕೊಂಡು ನಡೆದಳು.

"ಮೇರಮ್ಮ, ಒಂದು ಮಾತು ಕೇಳ್ತೀನಿ. ಸಾವಿನ ಮನೇಲಿ ಬತ್ತೀನಿ ಅನ್ನಬಾರ್ದು ಅಂತ ನಿಮ್ ಕಡೆ ಶಾಸ್ತ್ರ ಇಲ್ವಾ?"

"ಇಲ್ದೆ ಏನು. ನಮ್ಮಮ್ಮ ಸಾವಿನ ಮನೆಯಿಂದ ಬೆಕ್ಕಿನ ತರ ಎದ್ದು ಬರ್ತಿದ್ಳು."

"ಗೊತ್ತಿದ್ದೂ ಅಂದ್ಯಾ?"

ಆಕೆ ನಡೆಯುವುದನ್ನು ನಿಲ್ಲಿಸಿದಳು. "ತಂಗಚ್ಚಿ, ನಮ್ಮ ಆಂಡವರು ಸಾಯೋಕೆ ಮುಂಚೆ ತನ್ನೋರ್ನೆಲ್ಲ ಕೂರ್ಸಿ, ನಿಮ್ಮನ್ನ ದಿಕ್ಕಿಲ್ದೋರ ತರ ಬಿಡಲ್ಲ, ಓಗಿ ಬರ್ತೀನಿ ಅಂದ್ರಂತೆ. ಸಾವು ಬಾಗ್ಲಲ್ಲೇ ನಿಂತಿತ್ತು, ಆಗ ಅಂದ್ರು. ಅದನ್ನೇ ನಂಬ್ಕೊಂಡು ಬದುಕ್ತಾ ಇರೋಳು ನಾನು. ಆ ಉಡ್ಗಿ ಮುಖ ನೋಡಿ ಬಾಯ್ಮುಚ್ಕೊಂಡು ಎದ್ದು ಬರೋಕೆ ಆಗ್ಲಿಲ್ಲ. ಮೊದಲನೇ ದಿನ ಎಲ್ಲಾರೂ ಬರ್ತಾರೆ. ತಿಥಿ ಆದ್ಮೇಲೆ ಯಾರು ಬರ್ತಾರೆ, ಏಳು?"

ಆಂಡವರು ಅಂದರೆ ಅವರ ದೇವರು. ಅಂತೂ ದೇವರ ಹೆಸರು ಬಂತು. ಬೈಯಲು ಇಷ್ಟು ದಿನ ಕಾದಿದ್ದೆ, ಬಂದಾಗ ಬೈಗುಳ ನೆನಪಾಗಲಿಲ್ಲ.

"ನಿಮ್ ದೇವ್ರು ಏನಾದ್ರೂ ಅಂದ್ಕೊಳ್ಳಲಿ, ನಮ್ ಮನೇಲಿ ಅಸು ಸತ್ತೈತೆ ಕಣಮ್ಮ. ಅತ್ತೆ ಎದ್ರುಕೊಂಡವ್ರೆ. ನಂಗೂ ಮಕ್ಕಳವೆ. ಇನ್ಮೇಲೆ ನೀನು ಬರಬೇಡ."

ಆಕೆ ನನ್ನ ತೋಳು ಬಿಡಲಿಲ್ಲ. ಬಸ್ಸು ಬರುವವರೆಗೂ ಹಿಡಿದೇ ಇದ್ದಳು. "ಸರಿ" ಅಂದಳು. ಹತ್ತುವಾಗ ತಿರುಗಿ, "ಅವ್ಳಿಗೆ ಬರಬೇಡ ಅಂದ್ವಿ ಅಂತಾನೇ ಏಳು ತಂಗಚ್ಚಿ. ಮರ್ತೋದ್ಳು ಅಂತ ಅಂದ್ಕೋಬಾರ್ದು" ಅಂದಳು. ಬರ್ತೀನಿ ಅನ್ನಲಿಲ್ಲ.

ನಾನು ನವ್ಯಳಿಗೆ ಏನೂ ಹೇಳಲಿಲ್ಲ. ಹೇಳಿದರೆ ನನ್ನ ಮೇಲೆ ಬರುತ್ತದೆ ಅಂತ ಸುಮ್ಮನಾದೆ. ಮುಂದಿನ ಭಾನುವಾರ ಅವಳು ತಲೆ ಬಾಚಿಕೊಂಡು, ಅವರೆಕಾಯಿ ರಾಶಿ ಹಾಕಿಕೊಂಡು ಜಗಲಿಯಲ್ಲಿ ಕೂತಳು. ಬಂಗಾರಪೇಟೆ ಬಸ್ಸಿನ ಸದ್ದಾದಾಗಲೆಲ್ಲ ಕತ್ತೆತ್ತಿದಳು. ಕೊನೆಯ ಬಸ್ಸೂ ಹೋಯಿತು. "ಮೇರಮ್ಮನೂ ಅಷ್ಟೇ ಅಕ್ಕ" ಅಂತ ಎದ್ದು ಒಳಗೆ ಹೋದಳು. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೆ ಏಳಲಿಲ್ಲ. ಮಾರನೇ ದಿನವೂ ಇಲ್ಲ. ಎಬ್ಬಿಸಿ ಕೂರಿಸಿ ಹಾಲು ಕುಡಿಸಿದರೆ ವಾಂತಿ. ವಾರ ಕಳೆಯುವಷ್ಟರಲ್ಲಿ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವ ಹಾಗಾದಳು. ಡಾಕ್ಟರು ಗ್ಲೂಕೋಸು ಹಾಕಿ, ಇವಳಿಗೆ ಬದುಕುವ ಮನಸ್ಸೇ ಇಲ್ಲವಲ್ಲಮ್ಮ ಅಂದರು.

ಹಸುವಿಗೆ ಹೆದರಿ ಮನುಷ್ಯಳನ್ನು ಕಳೆದುಕೊಳ್ಳುತ್ತಿದ್ದೇನೆಯೇ? ಅಥವಾ ಅತ್ತೆ ಹೇಳಿದ ಹಾಗೆ ಆ ಮಾತೇ ಮನೆ ಹೊಕ್ಕು ಒಬ್ಬೊಬ್ಬರನ್ನೇ ಎಳೆಯುತ್ತಿದೆಯೇ? ಸೀನಪ್ಪನನ್ನು ಕೇಳಿದೆ. ನಡೆದದ್ದನ್ನೆಲ್ಲ ಹೇಳಿದೆ.

"ನೀನೇ ಕಳ್ಸಿದ್ದಲ್ವಾ. ನೀನೇ ಓಗಿ ಕರ್ಕೊಂಡ್ ಬಾ" ಅಂದರು. ಗಂಡಸರಿಗೆ ಎಲ್ಲವೂ ಎಷ್ಟು ಸುಲಭ!

ಆಕೆಯ ಡಬ್ಬಿ ನಮ್ಮಲ್ಲೇ ಉಳಿದಿತ್ತು, ನೆಪವಾಯಿತು. ಯಾರ ಪಾತ್ರೆಯನ್ನೂ ಖಾಲಿ ವಾಪಸ್ಸು ಕೊಡಬಾರದು, ಡಬ್ಬಿಗೆ ಬೆಲ್ಲ ತುಂಬಿದೆ. ಅದು ಸಾಲದು ಅನ್ನಿಸಿ ಒಂದು ಚೀಲ ಅವರೆಕಾಯಿಯನ್ನೂ ಎತ್ತಿಕೊಂಡೆ. ಅತ್ತೆಗೆ ಬಂಗಾರಪೇಟೆಗೆ ಅಂದೆ. ಅಲ್ಲಿಂದ ರೈಲು ಹತ್ತಿದೆ. ಮುನೀಂದ್ರ ಓಡಾಡುತ್ತಿದ್ದಂಥದೇ ಗಾಡಿ. ಖಾಲಿ ಸೀಟಿದ್ದರೂ ಕೂರಲು ಮನಸ್ಸಾಗದೆ ಬಾಗಿಲ ಬಳಿಯೇ ನಿಂತಿದ್ದೆ. ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ತಪ್ಪಾಯ್ತು ಬಾಮ್ಮ ಅನ್ನಬೇಕು. ಬಂದು ಹೋಗು, ಆದರೆ ಹೊರಡುವಾಗ ಆ ಮಾತೊಂದು ಅನ್ನಬೇಡ ಅನ್ನಬೇಕು. ನವ್ಯಳಿಗೂ ಅತ್ತೆಗೂ ನ್ಯಾಯವಾಗುತ್ತದೆ ಅಂದುಕೊಂಡೆ.

ಉರಿಗಾಂ ಸ್ಟೇಷನ್ನಿನಲ್ಲಿ ಹೂ ಮಾರುವವಳನ್ನು ಕೇಳಿದೆ. ಬೆಂಗಳೂರಿಗೆ ಹೋಗುವ ಸಗಾಯಮೇರಿಯಾ ಅಂದು, ನನ್ನ ಕೈಯ ಚೀಲವನ್ನು ಒಂಥರಾ ನೋಡಿ, "ಆ ಲೈನಲ್ಲಿ ಓಗಿ, ಶಾಮಿಯಾನ ಆಕವ್ರೆ ನೋಡಿ" ಅಂದಳು.

ಗಣಿ ಕಾಲದ ಸಾಲುಮನೆಗಳು, ತಗ್ಗು ಶೀಟಿನ ಛಾವಣಿ. ಒಂದರ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಶಿಲುಬೆ, ಅದರ ಕೆಳಗೆ ಒಣಗಿದ ಮುಖದ ಗಂಡಸೊಬ್ಬನ ಫೋಟೋ. ಮೇರಮ್ಮನ ಗಂಡ. ಗಣಿಯ ಧೂಳು ಎದೆಗೆ ಕೂತು ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದ್ದನಂತೆ, ಹಿಂದಿನ ದಿನವಷ್ಟೇ ಮಣ್ಣಾಗಿತ್ತು. ಇದನ್ನೆಲ್ಲ ಹೇಳಿದವಳು ಪಕ್ಕದ ಮನೆಯ ಕಲಾ. ಭಾನುವಾರ ಮೇರಕ್ಕ ನಿಮ್ಮೂರಿಗೆ ಹೋದಾಗ ಅವರನ್ನು ನಾನೇ ನೋಡಿಕೊಳ್ಳುತ್ತಿದ್ದೆ ಅಂದಳು. ಚೀಲದೊಳಗಿನ ಕೆಮ್ಮಿನ ಔಷಧಿ ನನಗೆ ಆಗ ನೆನಪಾಯಿತು. ಅಷ್ಟು ಭಾನುವಾರ ಬಂದಳಲ್ಲ, ನಿನ್ನ ಮನೆಯಲ್ಲಿ ಯಾರಿದ್ದಾರೆ ಅಂತ ನಾವು ಒಬ್ಬರಾದರೂ ಕೇಳಿದ್ದೆವಾ?

ಸಾವಿನ ಮನೆ ಮುಂದೆ ಬೆಲ್ಲ, ಅವರೆಕಾಯಿ ಹೊತ್ತುಕೊಂಡು ನಿಂತಿದ್ದೆ. ನೆಂಟಸ್ತಿಕೆಗೆ ಬಂದವಳ ಹಾಗೆ. ಸಾವಿನ ಮನೆಗೆ ಏನನ್ನೂ ಒಯ್ಯಬಾರದು, ಸಾವಿನ ಮನೆಯವರನ್ನು ನಮ್ಮನೆಗೆ ಬಾ ಅಂತ ಕರೆಯಬಾರದು. ಕರೆಯಲೆಂದೇ ಬಂದಿದ್ದೆ. ಹಿಂತಿರುಗಿ ಹೋಗಲೇ ಅಂದುಕೊಳ್ಳುತ್ತಿರುವಾಗ ಕಲಾ ಚೀಲ ಕಿತ್ತುಕೊಂಡಳು. "ಅವರೆಕಾಯಾ? ಒಳ್ಳೇದಾಯ್ತು ಅಕ್ಕಾ, ರಾತ್ರಿಗೆ ಕೊಳಂಬು ಮಾಡೋಣ" ಅಂದು ಚಾಪೆಯ ಮೇಲೆ ಸುರಿದೇಬಿಟ್ಟಳು. ಆ ಸಾಲಿನ ಹೆಂಗಸರು ಮೂರು ಹೊತ್ತೂ ಅಲ್ಲೇ ಬೇಯಿಸಿ ಅಲ್ಲೇ ಬಡಿಸುತ್ತಿದ್ದರು. ಚರ್ಚಿನವರು ಒಂದು ಮೂಲೆಯಲ್ಲಿ ಮೆಲ್ಲಗೆ ಹಾಡುತ್ತಿದ್ದರು. ಕೈಗೆ ಏನು ಕೆಲಸ ಕೊಡಬೇಕು ಅಂತ ಗೊತ್ತಾಗದೆ ನಾನು ಕೂತು ಕಾಯಿ ಬಿಡಿಸತೊಡಗಿದೆ.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತರು. ಮೇರಮ್ಮ. ಮುಖ ಊದಿಕೊಂಡಿತ್ತು. ನಾನು ಯಾಕೆ ಬಂದೆ ಅಂತ ಕೇಳಲಿಲ್ಲ. ಒಂದು ಹಿಡಿ ಕಾಯಿ ಎಳೆದುಕೊಂಡಳು.

"ನವ್ಯ ಸಾಪ್ಟಾಳಾ?" ಅಂದಳು. ಉಂಡಳಾ ಅಂತ.

ಗಂಡನ ಮಣ್ಣು ಇನ್ನೂ ಒಣಗಿಲ್ಲ, ಬರಬೇಡ ಅಂದ ಮನೆಯ ಹುಡುಗಿ ಉಂಡಳಾ ಅಂತ ಕೇಳುತ್ತಾಳೆ. ಉಂಡಳು ಅಂದುಬಿಡೋಣ, ಇವಳಿಗೆ ಇರುವ ದುಃಖ ಸಾಕು ಅಂದುಕೊಂಡೆ. "ಇಲ್ಲ ಮೇರಮ್ಮ" ಅಂದೆ. "ನಾನವ್ಳಿಗೆ ಏಳ್ಲೇ ಇಲ್ಲ. ನೀನು ಮರ್ತೋದೆ ಅಂದ್ಕೊಂಡವ್ಳೆ." ಅಷ್ಟು ಅಂದು ಬಿಡಿಸಿದ ಕಾಯಿಯನ್ನೇ ಮತ್ತೆ ಬಿಡಿಸತೊಡಗಿದೆ. ಮುನೀಂದ್ರ ನಾನು ಸೊಸೆಯಾಗಿ ಬಂದಾಗ ಚಡ್ಡಿ ಹಾಕುತ್ತಿದ್ದ ಹುಡುಗ, ನನ್ನ ಕೈಯಲ್ಲೇ ಉಂಡು ಬೆಳೆದವನು. ಅವನು ಸತ್ತಾಗ ಬಂದವರಿಗೆ ಕಾಫಿ ಕಾಯಿಸುವುದರಲ್ಲಿ, ತಿಥಿಗೆ ಅಕ್ಕಿ ಅಳೆಯುವುದರಲ್ಲಿ ನನಗೆ ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ. ಅದೆಲ್ಲ ಗುರುತಿಲ್ಲದವರ ಶಾಮಿಯಾನದಡಿ ಆ ಚಾಪೆಯ ಮೇಲೆ ಬಂತು. ಮೇರಮ್ಮ ನನ್ನ ಬೆನ್ನು ಸವರುತ್ತ ಕೂತಳು. ಸಮಾಧಾನ ಹೇಳಬೇಕಾದವಳು ನಾನು, ಹೇಳಿಸಿಕೊಳ್ಳಬೇಕಾದವಳು ಆಕೆ. ಎಲ್ಲ ತಲೆಕೆಳಗಾಗಿತ್ತು, ಅದನ್ನು ಸರಿಮಾಡುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ. ನಾನೂ ಆಕೆಯ ಕೈ ಹಿಡಿದುಕೊಂಡೆ, ಅಷ್ಟೇ. ಆಗ ಆಕೆಯೂ ಅತ್ತಳು.

ಸಂಜೆ ರೈಲಿನ ಹೊತ್ತಾಯಿತು. ಎದ್ದೆ. ಈಗ ಶುರುವಾಯಿತು ನೋಡಿ ನನ್ನ ಫಜೀತಿ.

ಬಾಯಿ ಮುಚ್ಚಿಕೊಂಡು ಹೋಗಬೇಕು, ಅದು ಕ್ರಮ. ಆದರೆ ಬರಬೇಡ ಅಂದವಳು ನಾನೇ. ಈಗ ಮಾತಿಲ್ಲದೆ ಎದ್ದು ಹೋದರೆ, ಬಾಗಿಲು ಮುಚ್ಚಿದ್ದು ಮುಚ್ಚಿದ್ದೇ ಅಂತ ಆಕೆ ತಿಳಿಯುತ್ತಾಳೆ. ಬರ್ತೀನಿ ಅಂದರೆ? ಆ ಮಾತಿಗೆ ನಿಜವಾಗಿ ಶಕ್ತಿಯಿದ್ದರೆ, ಸಾವು ಮತ್ತೆ ಇದೇ ಮನೆಗೆ ಬರಬೇಕು. ಈ ಮನೆಯಲ್ಲಿ ಇನ್ನು ಉಳಿದಿರುವುದು ಮೇರಮ್ಮ ಒಬ್ಬಳೇ. ಆಕೆಯನ್ನು ಕೊಂದುಬಿಡುತ್ತೇನೋ ಏನೋ. ಚಪ್ಪಲಿ ಮೆಟ್ಟಿದೆ, ಬಿಟ್ಟೆ, ಮತ್ತೆ ಮೆಟ್ಟಿದೆ. ನಮ್ಮಜ್ಜಿ ಚಿವುಟಿದ ಜಾಗ ತೊಡೆಯಲ್ಲಿ ಚುರುಗುಟ್ಟಿದ ಹಾಗಾಯಿತು. ಮೇರಮ್ಮ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಏನನ್ನೂ ಕೇಳದ ಮುಖ. ಆ ಮುಖ ನೋಡಿ ತಡೆಯಲಾಗಲಿಲ್ಲ.

"ಓಗಿ ಬತ್ತೀನಿ ಮೇರಮ್ಮ" ಅಂದೆ.

"ಬಾ ತಂಗಚ್ಚಿ" ಅಂದಳು.

ರೈಲಿನಲ್ಲಿ ಉದ್ದಕ್ಕೂ ದೇವರಿಗೆ ಕೈಮುಗಿದೆ. ನಮ್ಮ ಮುನೇಶ್ವರನಿಗೂ ಮುಗಿದೆ, ಯಾವುದಕ್ಕೂ ಇರಲಿ ಅಂತ ಅವರ ಆಂಡವರಿಗೂ ಮುಗಿದೆ. ಮಾಡಿದ್ದು ಸರಿಯೋ ತಪ್ಪೋ ಅಂತ ಇಬ್ಬರನ್ನೂ ಕೇಳಿದೆ. 

ಮನೆ ಸೇರಿ, ಒಳಗೆ ಕಾಲಿಡದೆ ಹಿತ್ತಿಲಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆ ಮೇಲೆ ನೀರು ಸುರಿದುಕೊಂಡೆ. ಸಾವಿನ ಮನೆಯಿಂದ ಬಂದವರು ಮಾತ್ರ ಹಾಗೆ ಮೀಯುವುದು. ಅತ್ತೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಯಾರ್ ಸತ್ತಿದ್ದು?"

"ಮೇರಮ್ಮನ ಗಂಡ."

ಅತ್ತೆ ಹಿತ್ತಿಲ ಮೆಟ್ಟಿಲಿನ ಮೇಲೆ ಕೂತರು. ಆಮೇಲೆ, "ಬತ್ತೀನಿ ಅಂತ ಏಳಿ ಬಂದ್ಯಾ, ಏಳ್ದೆ ಬಂದ್ಯಾ?" ಅಂದರು.

"ಏಳಿ ಬಂದೆ."

ಬೈಗುಳಕ್ಕೆ ಕಾದು ನಿಂತೆ. ಒದ್ದೆ ಸೀರೆಯಲ್ಲಿ ನಡುಗುತ್ತಿದ್ದೆ. ಅತ್ತೆ ಒಣಗಿದ ಸೀರೆ ತಂದು ನನ್ನ ಹೆಗಲ ಮೇಲೆ ಎಸೆದರು. "ಅಂದ್ಮೇಲೆ ಓಗ್ಬೇಕಲ್ಲ ಮತ್ತೆ" ಅಂದರು. ಅವರಿಗೂ ಗಾಬರಿಯೇ ಆಗಿತ್ತು, ದನಿಯಲ್ಲಿ ಗೊತ್ತಾಗುತ್ತಿತ್ತು. "ಬತ್ತೀನಿ ಅಂದು ಬರದೇ ಇರೋದು ಇನ್ನೂ ಕೆಟ್ಟದ್ದು. ಈ ಮನೇಲಿ ಅದೊಂದು ನೋಡಾಯ್ತು."

ನವ್ಯ ಮಲಗಿದ್ದ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಮೇರಮ್ಮ ಮರೆಯಲಿಲ್ಲ, ಬರಬೇಡ ಅಂದದ್ದು ನಾನೇ ಅಂದೆ. ಅವಳು ಗೋಡೆಯಿಂದ ಈಚೆ ತಿರುಗಿ ನನ್ನನ್ನು ನೋಡಿದಳು. ಸಿಟ್ಟೋ, ಏನೋ, ನನಗೆ ಓದಲಾಗಲಿಲ್ಲ. ಗಂಡ ಹೋದ ಅಂದಾಗ ಮಾತ್ರ ಎದ್ದು ಕೂತಳು. "ಮೇರಮ್ಮ ಒಬ್ರೇ ಅವ್ರಾ?" ಅಂದಳು. ರಾತ್ರಿ ಅರ್ಧ ಮುದ್ದೆ ಉಂಡಳು, ಶಕ್ತಿ ಬೇಕಲ್ಲ ಅಕ್ಕ, ಎರಡು ಬಸ್ಸು ಹತ್ತಬೇಕು ಅಂದಳು.

ಭಾನುವಾರ ಬೆಳಗ್ಗೆ ಗಂಜಿ ಅವಳೇ ಕಾಯಿಸಿದಳು. ಉಪ್ಪು ಹಾಕಿ, ನನಗೆ ರುಚಿ ತೋರಿಸಿ, ಮತ್ತೆ ತಾನೂ ನೋಡಿದಳು. ನಾನು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದೆ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ, ನಮ್ಮ ಕಡೆ ನೋಡದ ಹಾಗೆ ಕೂತಿದ್ದರು. ಮೇರಮ್ಮ ಬದುಕಿದ್ದಾಳೋ ಇಲ್ಲವೋ ಅನ್ನುವ ಹೆದರಿಕೆ ನನಗಿನ್ನೂ ಹೋಗಿರಲಿಲ್ಲ. ನವ್ಯ ಮೆಟ್ಟಿಲಿಳಿದು ಎರಡು ಹೆಜ್ಜೆ ಬಂದವಳು ನಿಂತಳು. ಗಂಜಿ ಡಬ್ಬಿಯನ್ನು ಎದೆಗೊತ್ತಿಕೊಂಡು ಹಿಂದಕ್ಕೆ ತಿರುಗಿದಳು. 

"ಅತ್ತೆ" ಅಂದಳು. "ಓಗಿ ಬತ್ತೀನಿ."

ಅತ್ತೆಯ ಕೈ ನಿಂತಿತು. ಮಗ ಹೋದ ಮೇಲೆ, ನಾನು ಮಕ್ಕಳ ಬಾಯಿ ಕಟ್ಟಿದಾಗಿನಿಂದ, ಆ ಅಂಗಳದಲ್ಲಿ ನಮ್ಮವರು ಯಾರೂ ಆ ಮಾತು ಆಡಿರಲಿಲ್ಲ.

"ಬೇಗ ಬಾ" ಅಂದರು.